ನಿಮ್ಮ ಪೆನ್‌ಡ್ರೈವ್‌ನ ಹುಳ ತೆಗೆಯುವ ಹಕ್ಕು ಯಾರಿಗಿದೆ?

ಬರೀ 7 ಡಾಲರ್. ನಮ್ಮ ಲೆಕ್ಕದಲ್ಲಿ ಆರುನೂರು ರೂಪಾಯಿಯ ಹತ್ತಿರ. 2023ರ ಸೆಪ್ಟೆಂಬರ್‌ನಲ್ಲಿ ಸೆಕೋಯಾ ಎಂಬ ಫ್ರಾನ್ಸಿನ ಸೈಬರ್ ಭದ್ರತಾ ಕಂಪನಿ ಅಷ್ಟು ದುಡ್ಡು ಕೊಟ್ಟು ಒಂದು ಐಪಿ ವಿಳಾಸವನ್ನು ತನ್ನ ಕೈಗೆ ತೆಗೆದುಕೊಂಡಿತು. 'ಪ್ಲಗ್‌ಎಕ್ಸ್' ಎಂಬ ವರ್ಮ್, ಅಂದರೆ ಕಂಪ್ಯೂಟರ್ ಹುಳ, ತನ್ನ ಒಡೆಯರ ಆದೇಶಕ್ಕೆ ಕಾಯುತ್ತಿದ್ದದ್ದು ಅದೇ ವಿಳಾಸದಲ್ಲಿ. ಒಡೆಯರು ಅದನ್ನು ಕೈಬಿಟ್ಟು ಹೋಗಿದ್ದರು. ಹುಳ ಮಾತ್ರ ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ ಹಬ್ಬುತ್ತಲೇ ಇತ್ತು. ದಿನಕ್ಕೆ 90 ಸಾವಿರದಿಂದ 1 ಲಕ್ಷ ಐಪಿಗಳು ಬಂದು 'ಏನಪ್ಪಣೆ?' ಎಂದು ಬಾಗಿಲು ಬಡಿಯುತ್ತಿದ್ದವು. ಆರು ತಿಂಗಳಲ್ಲಿ 170ಕ್ಕೂ ಹೆಚ್ಚು ದೇಶಗಳಿಂದ ಬಂದ ಐಪಿಗಳ ಸಂಖ್ಯೆ ಸುಮಾರು 25 ಲಕ್ಷ. ಪಟ್ಟಿಯ ಮುಂಚೂಣಿಯಲ್ಲಿದ್ದ ದೇಶಗಳಲ್ಲಿ ನೈಜೀರಿಯಾದ ಜೊತೆ ಭಾರತವೂ ಇತ್ತು.

ಒಂದು ಐಪಿ ಅಂದರೆ ಒಂದು ಕಂಪ್ಯೂಟರ್ ಅಂತಲ್ಲ, ನಿಜ. ಆದರೂ ಇದು ನಮ್ಮ ಮನೆಯ ವಿಷಯ.

ಈ ಹುಳ ಕೆಲಸ ಮಾಡುವ ರೀತಿ ನಿಮಗೆ ಗೊತ್ತಿರುತ್ತದೆ. ಪೆನ್‌ಡ್ರೈವ್ ತೆರೆದರೆ ನಿಮ್ಮ ಫೈಲುಗಳೆಲ್ಲ ಮಾಯ. ಡ್ರೈವ್‌ನ ಹೆಸರೇ ಇರುವ ಒಂದು ಶಾರ್ಟ್‌ಕಟ್ ಮಾತ್ರ ಕಾಣುತ್ತದೆ. ಅದನ್ನು ಒತ್ತಿದರೆ ಫೈಲುಗಳು ಕಾಣಿಸುತ್ತವೆ, ಜೊತೆಗೆ ಹುಳವೂ ಕಂಪ್ಯೂಟರ್‌ಗೆ ಇಳಿಯುತ್ತದೆ. ಆಮೇಲೆ ಆ ಕಂಪ್ಯೂಟರ್‌ಗೆ ಚುಚ್ಚಿದ ಪ್ರತಿ ಪೆನ್‌ಡ್ರೈವ್‌ಗೂ ಅಂಟಿಕೊಳ್ಳುತ್ತದೆ. ಇಂಥ ಎಲ್ಲ ಹುಳಗಳಿಗೂ ನಮ್ಮ ಝೆರಾಕ್ಸ್ ಅಂಗಡಿಗಳಲ್ಲಿ ಒಂದೇ ಹೆಸರು: 'ಶಾರ್ಟ್‌ಕಟ್ ವೈರಸ್'. ಅಂಗಡಿಯವರು ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ ಕೊಡುತ್ತಾರೆ, ಮರುದಿನ ಅದೇ ಅಂಗಡಿಯಿಂದ ಮತ್ತೆ ಅಂಟಿಸಿಕೊಂಡು ಬರುತ್ತೇವೆ. ನೆಟ್‌ವರ್ಕ್ ಸರಿಯಿಲ್ಲದ ಊರಲ್ಲಿ ಹಾಲ್ ಟಿಕೆಟ್, ಸ್ಕಾಲರ್‌ಶಿಪ್ ಅರ್ಜಿ, ಪ್ರಾಜೆಕ್ಟ್ ರಿಪೋರ್ಟ್ ಎಲ್ಲ ಓಡಾಡುವುದು ಪೆನ್‌ಡ್ರೈವ್ ಮೇಲೇನೇ. ಹಾಗಾಗಿ 'ಜನರಿಗೆ ಅರಿವಿಲ್ಲ' ಎಂದು ಕೈತೊಳೆದುಕೊಳ್ಳುವ ಮಾತು ನನಗೆ ಒಪ್ಪಿಗೆಯಿಲ್ಲ. ಹತ್ತಾರು ಜನ ಒಂದೇ ಹಳೇ ಕಂಪ್ಯೂಟರ್ ಹಂಚಿಕೊಳ್ಳುವ ಕಡೆ ಹುಳ ಹಬ್ಬುವುದು ಅರಿವಿನ ಕೊರತೆಯಿಂದಲ್ಲ, ಸೌಲಭ್ಯದ ಕೊರತೆಯಿಂದ.

ಪ್ಲಗ್‌ಎಕ್ಸ್ ಕತೆಯಲ್ಲಿ ನಿಜಕ್ಕೂ ರಾಜಕೀಯವಾದ ಪ್ರಶ್ನೆ ಹುಟ್ಟಿದ್ದು ಆಮೇಲೆ. ಹುಳದೊಳಗೇ 'ನಿನ್ನನ್ನು ನೀನೇ ಅಳಿಸಿಕೊ' ಎಂಬ ಆದೇಶಕ್ಕೆ ಜಾಗವಿತ್ತು. ವಿಳಾಸ ಕೈಯಲ್ಲಿದ್ದ ಸೆಕೋಯಾ ಬಟನ್ ಒತ್ತಿದ್ದರೆ ಸಾಕಿತ್ತು. ಒತ್ತಲಿಲ್ಲ. ಬೇರೆಯವರ ಕಂಪ್ಯೂಟರ್‌ಗೆ ಅವರನ್ನು ಕೇಳದೆ ಆದೇಶ ಕಳಿಸುವುದು ಒಂದು ಕಂಪನಿಯ ಕೆಲಸವಲ್ಲ, ಆಯಾ ದೇಶದವರೇ ತೀರ್ಮಾನಿಸಲಿ ಎಂದಿತು. ಫ್ರಾನ್ಸ್ 2024ರ ಜುಲೈನಲ್ಲಿ ಪ್ಯಾರಿಸ್ ಪ್ರಾಸಿಕ್ಯೂಟರ್ ಕಚೇರಿಯ ಉಸ್ತುವಾರಿಯಲ್ಲಿ ಶುಚಿ ಕಾರ್ಯ ಶುರುಮಾಡಿತು. ಅಮೆರಿಕದ ಎಫ್‌ಬಿಐ 2024ರ ಆಗಸ್ಟ್‌ನಿಂದ ಪೆನ್ಸಿಲ್ವೇನಿಯಾದ ಕೋರ್ಟ್‌ನಲ್ಲಿ ಒಂದಲ್ಲ, ಒಂಬತ್ತು ವಾರಂಟ್ ಪಡೆದು 4,258 ಕಂಪ್ಯೂಟರ್‌ಗಳಿಂದ ಹುಳ ತೆಗೆಯಿತು. 2025ರ ಜನವರಿಯಲ್ಲಿ ಲೆಕ್ಕವನ್ನು ಜನರ ಮುಂದಿಟ್ಟಿತು. ಇಂಟರ್ನೆಟ್ ಕಂಪನಿಗಳ ಮೂಲಕ ಕಂಪ್ಯೂಟರ್ ಮಾಲೀಕರಿಗೂ ತಿಳಿಸುವ ವ್ಯವಸ್ಥೆ ಮಾಡಿತು. ಈ ಹುಳ ಬಿಟ್ಟದ್ದು ಚೀನಾ ಸರ್ಕಾರದ ದುಡ್ಡು ಪಡೆದ 'ಮಸ್ಟಾಂಗ್ ಪಾಂಡಾ' ತಂಡ ಎಂಬುದು ಅಮೆರಿಕದ ಆರೋಪ.

ನಮ್ಮಲ್ಲಿ?

ನಮ್ಮಲ್ಲಿ ಸರ್ಟ್‌-ಇನ್ ಇದೆ. ಅದರ ಕೆಳಗೆ 2017ರಲ್ಲಿ ಶುರುವಾದ ಸೈಬರ್ ಸ್ವಚ್ಛತಾ ಕೇಂದ್ರವಿದೆ. ಹುಳ ತೆಗೆಯುವ ಉಚಿತ ಟೂಲ್‌ಗಳು, ಪೆನ್‌ಡ್ರೈವ್ ಬಳಕೆಗೆ ಕಡಿವಾಣ ಹಾಕುವ ಸಿ-ಡ್ಯಾಕ್‌ನ 'ಯುಎಸ್‌ಬಿ ಪ್ರತಿರೋಧ್' ಅಲ್ಲಿ ಸಿಗುತ್ತವೆ. ಒಳ್ಳೆಯದೇ. ಆದರೆ ದೂರದಿಂದ ಕೈಹಾಕಿ ತೆಗೆಯುವ ಮಾತು ಬಂದಾಗ ಕಾನೂನು ಮಸುಕಾಗಿದೆ. ಐಟಿ ಕಾಯ್ದೆಯ ಸೆಕ್ಷನ್ 43ರ ಪ್ರಕಾರ ಮಾಲೀಕರ ಅನುಮತಿಯಿಲ್ಲದೆ ಕಂಪ್ಯೂಟರ್ ಪ್ರವೇಶಿಸುವುದು, ಮಾಹಿತಿ ಅಳಿಸುವುದು ತಪ್ಪು. ಸೆಕ್ಷನ್ 70ಬಿ ಸರ್ಟ್‌-ಇನ್‌ಗೆ 'ತುರ್ತು ಕ್ರಮ'ದ ಹೊಣೆ ಕೊಡುತ್ತದೆ. ಆ ಕ್ರಮ ನನ್ನ ಲ್ಯಾಪ್‌ಟಾಪ್‌ನ ಒಳಗೆ ಬರಬಹುದೇ, ಬರುವ ಮುಂಚೆ ಯಾವ ನ್ಯಾಯಾಧೀಶರನ್ನು ಕೇಳಬೇಕು, ಬಂದುಹೋದ ಮೇಲೆ ನನಗೆ ಹೇಳಬೇಕೇ ಎಂಬುದನ್ನು ಕಾಯ್ದೆ ಬಿಡಿಸಿ ಹೇಳುವುದಿಲ್ಲ. ಕೇಳೋಣ ಅಂದರೆ, 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಸರ್ಟ್‌-ಇನ್ ಅನ್ನು ಆರ್‌ಟಿಐ ವ್ಯಾಪ್ತಿಯಿಂದಲೇ ಹೊರಗಿಟ್ಟಿದೆ.

'ಒಳ್ಳೇ ಕೆಲಸಕ್ಕೆ ಯಾಕಿಷ್ಟು ತಕರಾರು? ಹುಳ ಹೋದರೆ ಸಾಕಲ್ವಾ?' ಅನ್ನಬಹುದು. ಹುಳ ತೆಗೆಯಲು ತೆರೆದ ಬಾಗಿಲಿನಿಂದ ಬೇರೇನನ್ನಾದರೂ ಒಳಗಿಡಲೂ ಬಹುದು, ಅದಕ್ಕೇ ಈ ತಕರಾರು. ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ರೋನಾ ವಿಲ್ಸನ್ ಅವರ ಲ್ಯಾಪ್‌ಟಾಪ್‌ಗೆ ಮಾಲ್‌ವೇರ್ ಮೂಲಕ ಫೈಲುಗಳನ್ನು ತುರುಕಲಾಗಿತ್ತು ಎಂದು ಅಮೆರಿಕದ ಆರ್ಸೆನಲ್ ಕನ್ಸಲ್ಟಿಂಗ್ 2021ರಲ್ಲಿ ವರದಿ ಕೊಟ್ಟಿತು. ಎನ್‌ಐಎ ಅದನ್ನು ಒಪ್ಪಲಿಲ್ಲ. ಪೆಗಾಸಸ್ ವಿಚಾರದಲ್ಲಿ ಸುಪ್ರೀಂ ಕೋರ್ಟ್ ನೇಮಿಸಿದ ಸಮಿತಿಗೆ ಕೇಂದ್ರ ಸಹಕರಿಸಲಿಲ್ಲ ಎಂಬುದು 2022ರಲ್ಲಿ ಕೋರ್ಟ್‌ನಲ್ಲೇ ಕೇಳಿಬಂದ ಮಾತು. ಇಷ್ಟೆಲ್ಲ ನೋಡಿದ ಮೇಲೂ 'ನಂಬಿ, ನಾವೇ ಕ್ಲೀನ್ ಮಾಡ್ತೀವಿ' ಎಂದರೆ ಕಣ್ಣುಮುಚ್ಚಿ ನಂಬುವುದು ಹೇಗೆ?

ಹಾಗಂತ ಏನೂ ಮಾಡಬೇಡಿ ಎನ್ನುವುದೂ ಉತ್ತರವಲ್ಲ. ಒಡೆಯರಿಲ್ಲದ ಹುಳಕ್ಕೆ ನಾಳೆ ಬೇರೊಬ್ಬ ಒಡೆಯ ಸಿಗಬಹುದು. ಆ ವಿಳಾಸ ಸೆಕೋಯಾದ ಬದಲು ಒಬ್ಬ ಕಳ್ಳನ ಕೈಗೆ ಸಿಕ್ಕಿದ್ದರೂ ಬೆಲೆ ಅದೇ 7 ಡಾಲರ್ ಇರುತ್ತಿತ್ತು.

ದೂರದ ಆದೇಶಕ್ಕೂ ಮಿತಿಯಿದೆ. ಅದು ಕಂಪ್ಯೂಟರ್‌ನಲ್ಲಿರುವ ಹುಳವನ್ನು ತೆಗೆಯುತ್ತದೆ, ಮೇಜಿನ ಡ್ರಾಯರ್‌ನಲ್ಲಿ ಬಿದ್ದಿರುವ ಪೆನ್‌ಡ್ರೈವ್‌ನಲ್ಲಿರುವುದನ್ನಲ್ಲ. ನಾಳೆ ಅದನ್ನು ಚುಚ್ಚಿದರೆ ಕತೆ ಮತ್ತೆ ಶುರು. ಹಾಗಾಗಿ ಕೊನೆಯ ಕೆಲಸ ನಮ್ಮ ಕೈಯಲ್ಲೇ ಇದೆ. ಮೊದಲು ಕಂಪ್ಯೂಟರ್, ಆಮೇಲೆ ಪೆನ್‌ಡ್ರೈವ್. ಈ ಕ್ರಮ ತಪ್ಪಬಾರದು. ಆಂಟಿವೈರಸ್ ಅಪ್‌ಡೇಟ್ ಮಾಡಿ ಇಡೀ ಕಂಪ್ಯೂಟರ್ ಸ್ಕ್ಯಾನ್ ಮಾಡಿ. ನಂತರ ಪೆನ್‌ಡ್ರೈವ್ ಹಾಕಿ, ಶಾರ್ಟ್‌ಕಟ್ ಒತ್ತದೆ ಅದನ್ನೂ ಸ್ಕ್ಯಾನ್ ಮಾಡಿ. ಮುಚ್ಚಿಟ್ಟ ಫೈಲುಗಳನ್ನು ತೋರಿಸುವ ಆಯ್ಕೆ ಆನ್ ಮಾಡಿ, ನಿಮ್ಮ ಡಾಕ್ಯುಮೆಂಟ್, ಫೋಟೋಗಳನ್ನಷ್ಟೇ ನಕಲು ಮಾಡಿಕೊಂಡು ಡ್ರೈವ್ ಫಾರ್ಮ್ಯಾಟ್ ಮಾಡಿ. ಅಂಗಡಿಯ ಕಂಪ್ಯೂಟರ್‌ನಲ್ಲೇ ಹುಳವಿದ್ದರೆ ಅಂಗಡಿಯವರಿಗೂ ಹೇಳಿ.

ಇದು ನಾವು ಮಾಡಬೇಕಾದ್ದು. ಸರ್ಕಾರ ಮಾಡಬೇಕಾದ್ದು ಮೂರು. ದೂರದಿಂದ ಶುಚಿ ಮಾಡುವುದಾದರೆ ಕೋರ್ಟ್ ಅನುಮತಿ ಕಡ್ಡಾಯ ಎಂದು ಕಾನೂನಿನಲ್ಲೇ ಬರೆಯಲಿ. ಎಷ್ಟು ಕಂಪ್ಯೂಟರ್, ಯಾವ ಆದೇಶ, ಯಾವ ದಿನ ಎಂಬ ಲೆಕ್ಕವನ್ನು ಸಾರ್ವಜನಿಕವಾಗಿ ಇಡಲಿ, ಮಾಲೀಕರಿಗೂ ತಿಳಿಸಲಿ. ಜೊತೆಗೆ ಸರ್ಕಾರಿ ಶಾಲೆಯ ಲ್ಯಾಬ್, ಪಂಚಾಯಿತಿ ಕಚೇರಿ, ಗ್ರಾಮ ಒನ್ ಕೇಂದ್ರಗಳ ಕಂಪ್ಯೂಟರ್‌ಗಳ ಅಪ್‌ಡೇಟ್‌ಗೂ ಬಜೆಟ್‌ನಲ್ಲಿ ದುಡ್ಡಿಡಲಿ. ಕಂಪ್ಯೂಟರ್ ಕೊಟ್ಟ ದಿನ ಫೋಟೋ ತೆಗೆಸಿಕೊಳ್ಳುವವರು ಐದು ವರ್ಷದ ನಂತರ ಅದರೊಳಗೆ ಏನಿದೆ ಅಂತಾನೂ ಬಂದು ನೋಡಬೇಕು.