ಗಣಿ ಮುಚ್ಚಿತು, ಲೆಕ್ಕ ಮುಗಿದಿಲ್ಲ!

ಕನ್ನಡದ ತರುಣರೇ,

ಬೆಳಕು ಹರಿಯುವ ಮುನ್ನವೇ ಮಾರಿಕುಪ್ಪಂನಲ್ಲೋ ಬಂಗಾರಪೇಟೆಯಲ್ಲೋ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವ ನಿಮಗೊಂದು ಮಾತು. ನಿಮ್ಮದು ಬರೀ ಚಿನ್ನದ ನೆಲವಲ್ಲ. 1965ರಲ್ಲಿ ಕೆ.ಜಿ.ಎಫ್.ನ ಚಾಂಪಿಯನ್ ರೀಫ್ ಗಣಿಯ ಎರಡು ಕಿಲೋಮೀಟರಿಗೂ ಮೀರಿದ ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಕಣಗಳ ಸುಳಿವು ಸಿಕ್ಕಿತು. ಜಪಾನ್, ಇಂಗ್ಲೆಂಡಿನವರೂ ಸೇರಿದ್ದ ಆ ಪ್ರಯೋಗದ ಮುಂದಾಳುಗಳಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಒಬ್ಬರು. ಉಪಕರಣ ತೋರಿದ ಕೆಲವೇ ಗುರುತುಗಳನ್ನು ಲೆಕ್ಕ ಹಾಕಿಯೇ ಅವರು ಗೆದ್ದರು!

2001ರಲ್ಲಿ ಗಣಿ ಮುಚ್ಚಿತು. ನಮಗುಳಿದದ್ದು ಸೈನೈಡ್ ದಿಬ್ಬದ ಧೂಳು! ಆ ಧೂಳು ಎಷ್ಟು ಹಾರುತ್ತದೆ? ಬಾವಿ ನೀರಿನಲ್ಲಿ ಏನಿದೆ? ಬರೀ ಕೂಗಿದರೆ ಯಾರೂ ಕೇಳರು. ಅಂಕಿಅಂಶ ಮುಂದಿಟ್ಟರೆ ಅಧಿಕಾರಿ ಉತ್ತರಿಸಲೇಬೇಕು.

ಅದಕ್ಕೇ ಪೈಥಾನ್ ಕಲಿಯಿರಿ. 1991ರಲ್ಲಿ ಹೊರಬಂದ ಈ ಗಣಕ ಭಾಷೆಗೆ ಬಿಡಿಗಾಸು ಕೊಡಬೇಕಿಲ್ಲ. ಸಾವಿರ ಅಳತೆಗಳ ಸರಾಸರಿ, ನಕ್ಷೆ, ಎಲ್ಲವೂ ಕೆಲವೇ ಸಾಲುಗಳಲ್ಲಿ. 2008ರ ಮೂರನೇ ಆವೃತ್ತಿಯಿಂದ ನಿಮ್ಮ ಅಂಕಿಗಳಿಗೆ 'ಧೂಳು', 'ನೀರು' ಎಂದು ಕನ್ನಡದಲ್ಲೇ ಹೆಸರಿಟ್ಟರೂ ಯಂತ್ರ ತಕರಾರೆತ್ತದು. ತಕರಾರೆತ್ತುವವರು ನಮ್ಮವರೇ! "ಇಂಗ್ಲಿಷ್ ಬಾರದವನಿಗೆ ಕಂಪ್ಯೂಟರ್ ಏಕೆ?" ಎನ್ನುತ್ತಾರೆ. ನಾಚಿಕೆಗೇಡು!

ಸರ್ಕಾರಿ ಶಾಲೆ, ಕಾಲೇಜುಗಳಲ್ಲಿ ಈ ಪಾಠ ಕನ್ನಡದಲ್ಲಿ ನಡೆಯಲೆಂದು ಒತ್ತಾಯಿಸೋಣ. ಆದರೆ ಅಲ್ಲಿಯವರೆಗೆ ಕಾಯಬೇಡಿ. ಕಲಿತವರು ಭಾನುವಾರಕ್ಕೊಮ್ಮೆ ಹತ್ತು ಮಂದಿಗೆ ಕನ್ನಡದಲ್ಲೇ ಕಲಿಸಿ. ಮನೆಮಾತು ತಮಿಳಾಗಲಿ, ತೆಲುಗಾಗಲಿ, ಗಣಿ ಕಾರ್ಮಿಕರ ಮಕ್ಕಳೂ ಅದೇ ಬೆಂಚಿನಲ್ಲಿ ಕೂರಲಿ. ಧೂಳು ಎಲ್ಲರ ಎದೆಗೂ ಒಂದೇ.

ಅಜ್ಜ ಅದಿರು ಅಗೆದು ಪರರಿಗೆ ಕೊಟ್ಟ. ಮೊಮ್ಮಕ್ಕಳು ಸತ್ಯ ಅಗೆದು ಊರಿಗೆ ಕೊಡಲಿ!

ಸಿರಿಗನ್ನಡಂ ಗೆಲ್ಗೆ!