ಗ್ರಂಥಕ್ಕೆ ಪತ್ರಿ ಏರಿಸಿದರೆ ಸಾಲದು

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ಮಾತು. ದೇಶ ಸುತ್ತಲು ಕೈಯಲ್ಲಿ ಹಣ ಬೇಕು, ಮೈಯಲ್ಲಿ ಕಸುವು ಬೇಕು. ಕೋಶ ಓದಲು ಮನಸ್ಸೊಂದಿದ್ದರೆ ಸಾಕು. ಆದರೂ ನಮ್ಮ ಜನ ಸಾಲ ಮಾಡಿಯಾದರೂ ಯಾತ್ರೆಗೆ ಹೋಗಿ ಬರುತ್ತಾರೆ, ಮನೆಯಲ್ಲಿಯೇ ಇರುವ ಗ್ರಂಥದ ಗಂಟನ್ನು ಬಿಚ್ಚುವುದಿಲ್ಲ. ಗ್ರಂಥದ ಮೇಲೆ ನಮ್ಮವರಿಗೆ ಭಕ್ತಿ ಕಡಿಮೆಯೆಂದಲ್ಲ. ಕಾಲಿಗೆ ತಾಗಿದರೆ ಕಣ್ಣಿಗೆ ಒತ್ತಿಕೊಳ್ಳುತ್ತಾರೆ, ವಿಭೂತಿ ಹಚ್ಚುತ್ತಾರೆ, ಪತ್ರಿ ಏರಿಸುತ್ತಾರೆ. ಕೊರತೆಯಿರುವುದು ಭಕ್ತಿಯಲ್ಲಲ್ಲ, ಓದಿನಲ್ಲಿ.

ಒಂದು ಪುಸ್ತಕ ಮನುಷ್ಯನ ಬಾಳನ್ನು ಬದಲಿಸಬಲ್ಲದೇ ಎಂದು ಕೇಳುವವರುಂಟು. ಮಹಾತ್ಮ ಗಾಂಧೀಜಿಯವರ ಬದುಕೇ ಇದಕ್ಕೆ ಉತ್ತರ. 1904ರಲ್ಲಿ ಅವರು ದಕ್ಷಿಣ ಆಫ್ರಿಕದಲ್ಲಿ ಹೆಸರಾದ ವಕೀಲರು. ಜೋಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ರೈಲಿನಲ್ಲಿ ಹೊರಟಾಗ ಪೋಲಕ್ ಎಂಬ ಸ್ನೇಹಿತರು ದಾರಿಯಲ್ಲಿ ಓದಲೆಂದು ರಸ್ಕಿನ್ ಬರೆದ 'ಅನ್‌ಟು ದಿಸ್ ಲಾಸ್ಟ್' ಎಂಬ ಪುಸ್ತಕವನ್ನು ಅವರ ಕೈಗಿತ್ತರು. ಒಂದು ಹಗಲು ಒಂದು ರಾತ್ರಿಯ ಪ್ರಯಾಣ. ಗಾಂಧೀಜಿ ಪುಸ್ತಕವನ್ನು ಕೆಳಗಿಡಲಿಲ್ಲ, ಆ ರಾತ್ರಿ ನಿದ್ರಿಸಲೂ ಇಲ್ಲ. ಎಲ್ಲರ ಹಿತದಲ್ಲಿಯೇ ಒಬ್ಬನ ಹಿತವಿದೆ, ವಕೀಲನ ಕೆಲಸಕ್ಕೂ ಕ್ಷೌರಿಕನ ಕೆಲಸಕ್ಕೂ ಬೆಲೆ ಒಂದೇ, ಮೈಮುರಿದು ದುಡಿಯುವ ಬಾಳೇ ನಿಜವಾದ ಬಾಳು, ಈ ಮೂರು ತತ್ತ್ವಗಳನ್ನು ಅವರು ಅದರಿಂದ ಪಡೆದರು. ಅದೇ ವರ್ಷ ಡರ್ಬನ್ನಿನ ಬಳಿ ಫೀನಿಕ್ಸ್ ಎಂಬಲ್ಲಿ ಭೂಮಿ ಕೊಂಡು, ತಮ್ಮ ಪತ್ರಿಕೆಯ ಮುದ್ರಣಾಲಯವನ್ನು ಅಲ್ಲಿಗೆ ಸಾಗಿಸಿ, ಸಂಗಡಿಗರೊಡನೆ ದುಡಿದು ಬಾಳತೊಡಗಿದರು. 1908ರಲ್ಲಿ ಆ ಪುಸ್ತಕದ ಸಾರವನ್ನು ಗುಜರಾತಿಯಲ್ಲಿ ಬರೆದು 'ಸರ್ವೋದಯ'ವೆಂದು ಕರೆದರು.

ಆ ಪುಸ್ತಕವನ್ನು ಓದಿದವರು ಲೋಕದಲ್ಲಿ ಸಾವಿರಾರು ಮಂದಿ ಇದ್ದಾರೆ. ಎಲ್ಲರೂ ಗಾಂಧೀಜಿಯಾಗಲಿಲ್ಲವೇಕೆ? ಶಾಸ್ತ್ರಗಳು ಶ್ರವಣ, ಮನನ, ನಿದಿಧ್ಯಾಸನವೆಂದು ಮೂರು ಮೆಟ್ಟಿಲುಗಳನ್ನು ಹೇಳಿವೆ. ಕೇಳುವುದು ಅಥವಾ ಓದುವುದು ಮೊದಲನೆಯದು. ಓದಿದ್ದನ್ನು ಮನಸ್ಸಿನಲ್ಲಿ ಮೆಲುಕು ಹಾಕುವುದು ಎರಡನೆಯದು. ಅದರಲ್ಲಿಯೇ ನೆಲೆನಿಂತು ಅದೇ ಆಗಿ ಬಾಳುವುದು ಮೂರನೆಯದು. ಬಹಳ ಜನ ಮೊದಲ ಮೆಟ್ಟಿಲಿನಲ್ಲಿಯೇ ಕೂತುಬಿಡುತ್ತಾರೆ. ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ ಎಂಬ ಗಾದೆ ಹುಟ್ಟಿದ್ದು ಇಂಥವರನ್ನು ಕಂಡೇ.

ಕಾಯಕದಲ್ಲಿ ಮೇಲುಕೀಳಿಲ್ಲವೆಂಬುದನ್ನು ನಮ್ಮ ಶರಣರು 12ನೆಯ ಶತಮಾನದಲ್ಲಿಯೇ ನುಡಿದರು, ನುಡಿದಂತೆ ನಡೆದರು. ಆದರೆ ಗಾಂಧೀಜಿ ಆ ರೈಲಿನಲ್ಲಿ ಕುಳಿತ ಕಾಲಕ್ಕೆ ಶರಣರ ಮಾತುಗಳು ಎಲ್ಲಿದ್ದವು? ಬಹುಪಾಲು ತಾಡವೋಲೆಗಳಲ್ಲಿದ್ದವು. ಆ ಓಲೆಗಳು ಅರಿವೆಯಲ್ಲಿ ಸುತ್ತಿಕೊಂಡು ಮಠಗಳಲ್ಲಿ, ಭಕ್ತರ ಮನೆಯ ಜಗಲಿಗಳಲ್ಲಿ ಪೂಜೆಗೊಳ್ಳುತ್ತಿದ್ದವು. ಕಂಟದಿಂದ ಕೊರೆದು ಮಸಿ ತೀಡಿದ ಆ ಓಲೆಗಳನ್ನು ಆಗಾಗ ಬಿಚ್ಚಿ, ಎಣ್ಣೆ ಸವರಿ, ಹಳತಾದಾಗ ಹೊಸ ಓಲೆಗೆ ಪ್ರತಿ ಮಾಡಿದರೆ ಮಾತ್ರ ಅವು ಉಳಿಯುತ್ತವೆ. ಬಿಚ್ಚದೆ ಪೂಜಿಸಿದ ಕಟ್ಟುಗಳನ್ನು ಗೆದ್ದಲು ತಿಂದಿತು. ಗೆದ್ದಲಿಗೆ ಊದಿನಕಡ್ಡಿಯ ಭಯವಿಲ್ಲ.

ಉಳಿದುದನ್ನು ಉಳಿಸಿಕೊಟ್ಟ ಪುಣ್ಯಾತ್ಮರಲ್ಲಿ ಅಗ್ರಗಣ್ಯರು ಫ.ಗು. ಹಳಕಟ್ಟಿಯವರು. 1880ರಲ್ಲಿ ಧಾರವಾಡದಲ್ಲಿ ಜನಿಸಿದ ಇವರೂ ವಕೀಲರೇ. ವಿಜಯಪುರದಲ್ಲಿ ವಕೀಲಿ ನಡೆಸಿ ಸುಖವಾಗಿ ಇರಬಹುದಾಗಿತ್ತು. ಆದರೆ ಓಲೆಕಟ್ಟುಗಳಲ್ಲಿದ್ದ ವಚನಗಳನ್ನು ಓದಿದ ಮೇಲೆ ಅವರ ಬಾಳಿನ ದಾರಿಯೇ ತಿರುಗಿತು. ಊರೂರು ಅಲೆದು ಕಟ್ಟುಗಳನ್ನು ಕೂಡಿಸಿದರು, ಒಂದು ಪ್ರತಿಯನ್ನು ಇನ್ನೊಂದರೊಡನೆ ಹೋಲಿಸಿ ತಿದ್ದಿದರು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಹೊರಬಂತು. ವಚನಗಳ ಅಚ್ಚಿಗೆಂದೇ ಸ್ವಂತ ಮನೆಯನ್ನು ಮಾರಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು, 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. 1964ರಲ್ಲಿ ಲಿಂಗೈಕ್ಯರಾಗುವವರೆಗೂ ಈ ಕಾಯಕವನ್ನು ಬಿಡಲಿಲ್ಲ. ಅವರೂ ಅವರ ನಂತರದ ವಿದ್ವಾಂಸರೂ ಪಟ್ಟ ಶ್ರಮದ ಫಲವಾಗಿ 1993ರಲ್ಲಿ ಸರ್ಕಾರದಿಂದ ಸಮಗ್ರ ವಚನ ಸಾಹಿತ್ಯ 15 ಸಂಪುಟಗಳಲ್ಲಿ ಹೊರಬಂತು.

ಅಂದು ಓಲೆಗರಿಯನ್ನು ಬಿಚ್ಚಲಿಲ್ಲವೆಂದು ಹಿರಿಯರನ್ನು ದೂರುವುದು ಸುಲಭ. ಬಹಳ ಜನರಿಗೆ ಅಕ್ಷರವಿರಲಿಲ್ಲ, ಹಳೆಯ ಲಿಪಿ ತಿಳಿಯುತ್ತಿರಲಿಲ್ಲ. ತಿಳಿಯದಿದ್ದರೂ ಹೊರಗೆಸೆಯದೆ ಜಗಲಿಯ ಮೇಲಿಟ್ಟುಕೊಂಡದ್ದರಿಂದಲೇ ಹಳಕಟ್ಟಿಯವರ ಕೈಗೆ ಅಷ್ಟಾದರೂ ದೊರೆತವು. ಇಂದು ನಮಗೆ ಯಾವ ನೆಪವಿದೆ? ಅಚ್ಚಾದ ಪುಸ್ತಕವಿದೆ, ಮನೆಯಲ್ಲಿ ಓದಬಲ್ಲ ಮಕ್ಕಳಿದ್ದಾರೆ, ಗ್ರಾಮ ಪಂಚಾಯಿತಿಗಳಲ್ಲಿ ಗ್ರಂಥಾಲಯಗಳಿವೆ. ಆದರೆ ಮದುವೆಯಲ್ಲಿ, ಗೃಹಪ್ರವೇಶದಲ್ಲಿ ಕಾಣಿಕೆಯಾಗಿ ಬಂದ ವಚನ ಸಂಪುಟ ಗಾಜಿನ ಕಪಾಟು ಸೇರುತ್ತದೆ. ಮಗು ಕೈ ಚಾಚಿದರೆ 'ಮುಟ್ಟಬ್ಯಾಡ, ಹರೀತದ' ಎಂದು ಗದರುತ್ತೇವೆ. ನಮ್ಮ ಅಭಿಪ್ರಾಯವನ್ನು ಕೇಳಿದರೆ, ಓದಿ ಓದಿ ಹರಿದ ಪುಸ್ತಕಕ್ಕಿಂತ ಪೂಜ್ಯವಾದ ಪುಸ್ತಕ ಬೇರೊಂದಿಲ್ಲ. ಹರಿದರೆ ಇನ್ನೊಂದು ಪ್ರತಿ ಸಿಗುತ್ತದೆ, ಓದುವ ವಯಸ್ಸು ದಾಟಿದರೆ ಮತ್ತೆ ಸಿಗುವುದಿಲ್ಲ.

ಆದ್ದರಿಂದ ಊರಿನ ಹಿರಿಯರಲ್ಲಿ ನಮ್ಮದೊಂದು ಮಾತು. ಸಂಜೆ ದೀಪ ಹಚ್ಚಿದ ಮೇಲೆ ಮೊಮ್ಮಗನನ್ನೋ ಮೊಮ್ಮಗಳನ್ನೋ ಪಕ್ಕದಲ್ಲಿ ಕೂಡ್ರಿಸಿಕೊಂಡು ಒಂದೇ ಒಂದು ವಚನವನ್ನು ಗಟ್ಟಿಯಾಗಿ ಓದಿಸಿರಿ. ನಿಮಗೆ ಕಣ್ಣು ಮಂಜಾಗಿದ್ದರೆ, ಅಕ್ಷರ ಬಾರದಿದ್ದರೆ ಸಂಕೋಚ ಬೇಡ. ಕಿವಿಯಿಂದ ಕೇಳಿ ಜ್ಞಾನಿಗಳಾದವರ ನಾಡಿದು. ಮಗು ಶಬ್ದದ ಅರ್ಥ ಕೇಳೀತು. ತಿಳಿದರೆ ಹೇಳಿರಿ, ತಿಳಿಯದಿದ್ದರೆ ಮಠಕ್ಕೆ ಬಂದಾಗ ಇಬ್ಬರೂ ಕೂಡಿ ಕೇಳಿರಿ. ಓದಿದ್ದರಲ್ಲಿ ಒಂದು ಮಾತನ್ನಾದರೂ ಮರುದಿನ ಹೊಲದಲ್ಲಿ, ಅಂಗಡಿಯಲ್ಲಿ, ನೆರೆಯವರೊಡನೆ ನಡೆಸಿ ನೋಡಿರಿ.

ಜಗಲಿಯ ಮೇಲಿನ ಗ್ರಂಥ ನಾಲಿಗೆಗೆ ಬರಲಿ, ನಾಲಿಗೆಯದು ನಡೆಗೆ ಇಳಿಯಲಿ. ಸದ್ಭಕ್ತರೆಲ್ಲರಿಗೂ ಅಂಥ ಓದಿನ ಭಾಗ್ಯ ಲಭಿಸಲೆಂದು ಹಾರೈಸುತ್ತೇವೆ.