ಗಿಡ ಕಾಣದ ಫಲ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಸೀಮೆಯಲ್ಲಿ ಸಂಚರಿಸಿದವರು ಹಿಪ್ಪುನೇರಳೆಯ ತೋಟಗಳನ್ನು ಕಂಡೇ ಇರುತ್ತಾರೆ. ಆ ಗಿಡಕ್ಕೂ ಹಣ್ಣುಂಟು. ಆದರೆ ರೈತನು ಅದನ್ನು ಬೆಳೆಸುವುದು ಸೊಪ್ಪಿಗಾಗಿ. ಹುಲುಸಾಗಿ ಬೆಳೆದ ಗಿಡವನ್ನು ಅವನು ವರ್ಷಕ್ಕೊಮ್ಮೆ ಬುಡದವರೆಗೂ ಕತ್ತರಿಸುತ್ತಾನೆ. ತೋಟವೇ ಹಾಳಾಯಿತೆಂದು ನೋಡಿದವರು ಮರುಗಬೇಕು. ಆದರೆ ಕೆಲವೇ ದಿನಗಳಲ್ಲಿ ಬುಡ ಮತ್ತೆ ಚಿಗುರುತ್ತದೆ. ಆ ಸೊಪ್ಪು ಹುಳುವಿಗೆ ಆಹಾರವಾಗಿ, ಗೂಡಾಗಿ, ರಾಮನಗರದ ಮಾರುಕಟ್ಟೆಯಲ್ಲಿ ಹರಾಜಾಗಿ, ನೂಲಾಗಿ, ಕಡೆಗೆ ಯಾವುದೋ ಊರಿನ ಮದುಮಗಳ ಸೀರೆಯಾಗುತ್ತದೆ. ಗಿಡವು ಅದನ್ನು ಕಾಣುವುದೇ ಇಲ್ಲ.

ಯೋಹಾನನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಯೇಸುಕ್ರಿಸ್ತನು ತನ್ನನ್ನು ದ್ರಾಕ್ಷಾಬಳ್ಳಿಗೂ ಶಿಷ್ಯರನ್ನು ಅದರ ಕೊಂಬೆಗಳಿಗೂ ಹೋಲಿಸುತ್ತಾನೆ. ಫಲ ಕೊಡುವ ಕೊಂಬೆಗೂ ಅಲ್ಲಿ ಕತ್ತರಿ ತಪ್ಪದು. ಕನಕಪುರ ತಾಲ್ಲೂಕಿನ ಹಾರೋಬೆಲೆಯಂಥ ಕ್ರೈಸ್ತ ಗ್ರಾಮದ ಬೇಸಾಯಗಾರನಿಗೆ ಈ ಉಪಮೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಪೌಲನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಎಣಿಸಿರುವ ಒಂಬತ್ತು ಫಲಗಳಲ್ಲಿ ಪ್ರೀತಿಗೆ, ಸಹನೆಗೆ, ದಯೆಗೆ ಸ್ಥಾನವುಂಟು; ಕೀರ್ತಿಗಾಗಲಿ, ಗೆಲುವಿನ ಲೆಕ್ಕಕ್ಕಾಗಲಿ ಇಲ್ಲ.

ಇದಕ್ಕೆ ಹಳೆಯ ಮೈಸೂರು ಸೀಮೆಯಲ್ಲೇ ಒಂದು ನಿದರ್ಶನವುಂಟು. 1792ರಲ್ಲಿ ಫ್ರಾನ್ಸಿನಿಂದ ಭಾರತಕ್ಕೆ ಬಂದ ಪಾದ್ರಿ ಅಬ್ಬೆ ದುಬ್ವಾ, 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ, ಇಲ್ಲಿಯ ಚದುರಿದ ಕ್ರೈಸ್ತರ ಸೇವೆಗೆ ನಿಂತರು. ಈ ನೆಲದ ಉಡುಪನ್ನೇ ಧರಿಸಿ, ಇಲ್ಲಿಯವರಂತೆಯೇ ಬಾಳಿದರು. ಜನರ ಬಾಯಲ್ಲಿ ಅವರು ದೊಡ್ಡಸ್ವಾಮಿಯವರು. 1823ರಲ್ಲಿ ಸ್ವದೇಶಕ್ಕೆ ಮರಳಿದರು. ಅದೇ ವರ್ಷ ಲಂಡನ್ನಿನಲ್ಲಿ ಅಚ್ಚಾದ ತಮ್ಮ ಪತ್ರಗಳಲ್ಲಿ, ಮತಪ್ರಚಾರದಲ್ಲಿ ತಮಗೆ ಯಶಸ್ಸು ದೊರೆಯಲಿಲ್ಲವೆಂದು ಮರೆಮಾಚದೆ ಒಪ್ಪಿಕೊಂಡರು. ಮೂವತ್ತು ವರ್ಷಗಳ ದುಡಿಮೆಯ ಕಡೆಗೆ ಬರಿಗೈ!

ಆದರೆ ಸಿಡುಬು ಮನೆಮನೆಗಳನ್ನು ಬರಿದುಮಾಡುತ್ತಿದ್ದ ಕಾಲದಲ್ಲಿ, 1803-04ರಲ್ಲಿ, ಅವರ ಪ್ರಯತ್ನದಿಂದ 25 ಸಾವಿರಕ್ಕೂ ಹೆಚ್ಚು ಮಂದಿಗೆ ಲಸಿಕೆ ದೊರೆತಿತ್ತು. ಹಾಸನದ ಬಳಿಯ ಸಾತಳ್ಳಿಯಲ್ಲಿ ಬಡ ಕ್ರೈಸ್ತರಿಗೆ ಬೇಸಾಯದ ನೆಲೆಯೊಂದು ಸಿಕ್ಕಿತ್ತು. ಅಂದು ಉಳಿದ ಮಕ್ಕಳ ಸಂತತಿ ಇಂದು ಎಷ್ಟು ಊರುಗಳಲ್ಲಿ ಹರಡಿದೆಯೋ, ಬಲ್ಲವರಾರು? ಗೆಲುವನ್ನು ಅಳೆದ ಪಾದ್ರಿಯ ಲೆಕ್ಕದಲ್ಲಿ ಆ ಮಕ್ಕಳು ಸೇರಿರಲಿಲ್ಲ.

ಹಾಸಿಗೆ ಹಿಡಿದ ಅತ್ತೆಯ ಆರೈಕೆಯಲ್ಲಿ ವರ್ಷಗಳನ್ನು ಕಳೆದ ಸೊಸೆ, ದೇವಾಲಯಕ್ಕೆ ಹೋಗಲು ಬಿಡುವಾಗಲಿಲ್ಲ, ತನ್ನ ಭಕ್ತಿ ಬಂಜೆಯಾಯಿತು ಎಂದು ಕೊರಗುವುದುಂಟು. ಮಧ್ಯರಾತ್ರಿ ಎದ್ದು ನೀರು ಕುಡಿಸಿದ ಕೈಯನ್ನು ಅವಳು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಬೇರು ದೇವರಲ್ಲಿ ನೆಲೆಸಿದ್ದರೆ ಕತ್ತರಿಸಿದ ಬುಡವೂ ಚಿಗುರೀತು. ಸೊಪ್ಪು ಯಾರ ಮನೆಯ ರೇಷ್ಮೆಯಾಗುವುದೆಂಬ ಚಿಂತೆ ತೋಟಗಾರನಿಗಿರಲಿ.